ಅಪ್ಪನ ಹಾರ್ನ್, ನನ್ನ ಲೈಸೆನ್ಸ್

ನಾನಿರುವ ಊರಿನ ರೇಡಿಯೋದಲ್ಲಿ ಬೆಳಗಿನ ವಾರ್ತೆ ಮುಗಿದ ಕೂಡಲೇ ತೀರಿಕೊಂಡವರ ಹೆಸರು ಓದುತ್ತಾರೆ. ಯಾರು, ಯಾವ ಹಳ್ಳಿ, ಮಣ್ಣು ಎಷ್ಟು ಹೊತ್ತಿಗೆ, ಎಲ್ಲವನ್ನೂ. ಆಮೇಲೆ ಕಳೆದುಹೋದ ನಾಯಿ, ಬೇಲಿ ಹಾರಿದ ಕುರಿ, ಕೊನೆಗೆ ಮಳೆ. ಐರ್ಲೆಂಡಿನ ಪಶ್ಚಿಮದ ಈ ಸಣ್ಣ ಊರಿಗೆ ನರ್ಸಾಗಿ ಬಂದ ಹೊಸದರಲ್ಲಿ ನನಗೆ ನಗು ತಡೆಯಲಾಗಿರಲಿಲ್ಲ. ಯುರೋಪ್ ಎಂದರೆ ಏನೇನೋ ಅಂದುಕೊಂಡು ಬಂದರೆ, ನಮ್ಮ ಶಹಾಪುರದಲ್ಲಿ ಆಟೋಕ್ಕೆ ಮೈಕು ಕಟ್ಟಿ ಓಣಿ ಓಣಿ ಸಾರುವಂಥ ಸುದ್ದಿಯೇ ಇಲ್ಲಿಯೂ! ಈಗ ಅದನ್ನು ಕೇಳದೆ ಬೆಳಗಿನ ಚಹಾ ಗಂಟಲಲ್ಲಿ ಇಳಿಯುವುದಿಲ್ಲ.

ರೇಡಿಯೋ ಮುಗಿದರೆ ಫೋನು. ಯಾದಗಿರಿ ಜಿಲ್ಲೆಯ ಸುದ್ದಿಯೆಲ್ಲ ವಾಟ್ಸಾಪಿನಲ್ಲಿ ಬರುತ್ತದೆ, ಪ್ರತಿಯೊಂದಕ್ಕೂ ಯುದ್ಧದ ಹಿನ್ನೆಲೆ ಸಂಗೀತ. ಅಣೆಕಟ್ಟಿನ ಗೇಟು ಎತ್ತಿದರೂ ಅದೇ ಡೋಲು, ರಾಮಸಮುದ್ರದ ಶಾಲೆಯಲ್ಲಿ ಮಕ್ಕಳು ಸಸಿ ನೆಟ್ಟರೂ ಅದೇ ಡೋಲು. ಭೀಮರಾಯನಗುಡಿಯಿಂದ ಕಾಲುವೆಗೆ ನೀರು ಬಿಡುತ್ತಾರಂತೆ ಎಂದು ಗೊತ್ತಾದ ದಿನ, ಒಂದು ಗುಂಟೆ ಹೊಲವಿಲ್ಲದ ನಾನು ಇಲ್ಲಿ ಕೂತು ಖುಷಿಪಡುತ್ತೇನೆ.

ನಮ್ಮ ಸಿನಿಮಾಗಳ ಮೇಲೆ ಮಾತ್ರ ನನಗೆ ಸಿಟ್ಟಿದೆ. ಹಾಡಿಗೆಂದು ಯುರೋಪಿಗೆ ಬರುವ ನಾಯಕಿ ವಿಮಾನ ಇಳಿದ ಮರುಗಳಿಗೆಯೇ ಕೆಂಪು ಕಾರು ಓಡಿಸುತ್ತಾಳೆ. ಕಾರಿಗೆ ಚಾವಣಿಯಿಲ್ಲ, ದುಪಟ್ಟಾ ಗಾಳಿಗೆ ಹಾರುತ್ತಿದೆ, ರಸ್ತೆ ಪೂರ್ತಿ ಖಾಲಿ. ಈಕೆ ಲೈಸೆನ್ಸ್ ಯಾವಾಗ ತೆಗೆದಳು ಎಂದು ಒಬ್ಬ ನಿರ್ದೇಶಕನೂ ಹೇಳುವುದಿಲ್ಲ. ನಾನಂತೂ ಇಲ್ಲಿನ ಡ್ರೈವಿಂಗ್ ಪರೀಕ್ಷೆಯಲ್ಲಿ ಮೂರು ಸಲ ಫೇಲಾದವಳು. ಅದೂ ಡ್ರೈವರನ ಮಗಳು.

ಅಪ್ಪ ಸರ್ಕಾರಿ ಬಸ್ಸು ಓಡಿಸುತ್ತಿದ್ದ. ಶಹಾಪುರದಿಂದ ಸುರಪುರ, ಅಲ್ಲಿಂದ ಕಕ್ಕೇರಾ, ಮತ್ತೆ ವಾಪಸ್. ಅಪ್ಪನ ಬಸ್ಸಿಗೆ ಬ್ರೇಕಿಗಿಂತ ಹೆಚ್ಚು ಕೆಲಸ ಹಾರ್ನಿಗೆ ಇತ್ತು. ತಿರುವಿಗೊಂದು, ಎತ್ತಿನಗಾಡಿಗೊಂದು, ಎದುರಿನ ಬಸ್ಸಿನ ಗೆಳೆಯನಿಗೆ ನಮಸ್ಕಾರವೆಂದು ಒಂದು. ನಮ್ಮ ಮನೆ ಶಹಾಪುರದಲ್ಲಿ ರಸ್ತೆಗೆ ಹತ್ತಿಕೊಂಡೇ ಇದೆ. ಕೊನೆಯ ಸುತ್ತು ಮುಗಿಸಿ ಮನೆ ಮುಂದೆ ಹಾಯುವಾಗ ಅಪ್ಪ ಒಂದು ಉದ್ದ, ಎರಡು ಗಿಡ್ಡ ಹಾರ್ನ್ ಹೊಡೆಯುತ್ತಿದ್ದ. ಅದನ್ನು ಕೇಳಿದ ಮೇಲೆಯೇ ಅವ್ವ ಒಲೆಯ ಮೇಲೆ ಹಂಚು ಇಡುತ್ತಿದ್ದಳು. ಬಸ್ಸನ್ನು ಡಿಪೋದಲ್ಲಿ ಬಿಟ್ಟು ಅಪ್ಪ ನಡೆದು ಬರುವಷ್ಟರಲ್ಲಿ ಬಿಸಿ ರೊಟ್ಟಿ ತಟ್ಟೆಯಲ್ಲಿರುತ್ತಿತ್ತು.

ಇಷ್ಟು ಹಾರ್ನ್ ಕೇಳಿ ಬೆಳೆದವಳು ನಾನು. ಇಲ್ಲಿ ಹಾರ್ನ್ ಎಂದರೆ ಬೈಗುಳ, ಮುಖಕ್ಕೆ ಉಗಿದ ಹಾಗೆ. ಮೊದಲ ಪರೀಕ್ಷೆಯಲ್ಲಿ ರಸ್ತೆ ದಾಟಲು ನಿಂತಿದ್ದ ಒಬ್ಬ ಅಜ್ಜಿಗೆ, ನಾನಿದ್ದೇನೆ ಹುಷಾರು ಎಂದು ಪ್ರೀತಿಯಿಂದ ಒಂದು ಹೊಡೆದೆ. ಅಜ್ಜಿಯ ಕೈಚೀಲ ಕೆಳಗೆ ಬಿತ್ತು, ಅದರ ಜೊತೆ ನನ್ನ ಲೈಸೆನ್ಸೂ ಬಿತ್ತು. ಎರಡನೇ ಸಲ ಒಬ್ಬ ಸೈಕಲ್ ಸವಾರನಿಗೆ ಹೊಡೆದೆ. ಮೂರನೇ ಸಲ ಹಾರ್ನಿನ ಹೆದರಿಕೆಗೆ ಎಷ್ಟು ನಿಧಾನ ಓಡಿಸಿದೆನೆಂದರೆ, ಹಿಂದೆ ಟ್ರ್ಯಾಕ್ಟರುಗಳ ಸಾಲು ನಿಂತಿತು. ತೀರಾ ನಿಧಾನವೂ ತಪ್ಪೇ ಎಂದು ಬರೆದು ಕೈಗೆ ಕಾಗದ ಕೊಟ್ಟರು.

ನಗುವ ಮಾತಾಗಿರಲಿಲ್ಲ ಅದು. ಹಳ್ಳಿಹಳ್ಳಿಗೆ ಹೋಗಿ ಹಾಸಿಗೆ ಹಿಡಿದವರನ್ನು ಅವರವರ ಮನೆಯಲ್ಲೇ ನೋಡಿಕೊಳ್ಳುವ ನರ್ಸಿನ ಕೆಲಸಕ್ಕೆ ನನ್ನನ್ನು ಆರಿಸಿದ್ದರು. ವಾರ್ಡಿನಲ್ಲಿ ಆರು ವರ್ಷ ಗಂಟೆಯ ಸದ್ದಿಗೆ ಓಡಾಡಿದವಳಿಗೆ ಇದಕ್ಕಿಂತ ಬೇರೆ ಆಸೆ ಇರಲಿಲ್ಲ. ನನ್ನ ರೋಗಿಗಳು, ನನ್ನ ಲೆಕ್ಕಾಚಾರ, ನನ್ನ ದಾರಿ. ಆದರೆ ತಿಂಗಳ ಕೊನೆಯೊಳಗೆ ಲೈಸೆನ್ಸ್ ತೋರಿಸಬೇಕು, ಇಲ್ಲವಾದರೆ ಕೆಲಸ ಪಟ್ಟಿಯಲ್ಲಿರುವ ಮುಂದಿನವರಿಗೆ. ಅಷ್ಟರೊಳಗೆ ನನಗೆ ಉಳಿದಿದ್ದದ್ದು ಒಂದೇ ಪರೀಕ್ಷೆ.

ಹಿಂದಿನ ದಿನ ಅಪ್ಪನಿಗೆ ಫೋನ್ ಮಾಡಿ ಅತ್ತೇಬಿಟ್ಟೆ. ಅಪ್ಪನಿಗೆ ನನ್ನ ಅಳುವಿಗಿಂತ ಹಾರ್ನಿಗಾದ ಅವಮಾನವೇ ದೊಡ್ಡದಾಯಿತು.

"ಹಾರನ್ ಹೊಡಿಲಿಲ್ಲಂದ್ರ ನಾವು ಬಂದೀವಂತ ಮುಂದಿನವ್ರಿಗಿ ಹ್ಯಾಂಗ ಗೊತ್ತಾಗಬೇಕು? ಮಂದಿ ಮನಿಗಿ ಹೋದ್ರ ಬಾಗಲಾ ಬಡಿಯಂಗಿಲ್ಲೇನು?"

"ಇಲ್ಲಿ ಬಡಿಯಂಗಿಲ್ಲಪ್ಪ. ಸುಮ್ ನಿಂದರಬೇಕು."

"ಹಂಗಾರ ಸುಮ್ ನಿಂದ್ರು. ಅಳೂದ್ಯಾಕ? ಗಾಡಿ ನಿಂದ್ರಸೂದು ಓಡಸೂದಕ್ಕಿಂತ ದೊಡ್ಡ ಕೆಲಸ ಅದವಾ."

ಮರುದಿನ ನನ್ನ ಪರೀಕ್ಷೆ ನಡೆಸಲು ಬಂದವಳು ಬಿಳಿಕೂದಲಿನ ಹೆಂಗಸು, ಮುಖದಲ್ಲಿ ನಗುವಿನ ಗುರುತೇ ಇಲ್ಲ. ಊರು ದಾಟುವವರೆಗೆ ಎಲ್ಲ ಸರಿಯಾಯಿತು. ಆಮೇಲೆ ಕಲ್ಲುಗೋಡೆಗಳ ನಡುವಿನ ಕಿರಿದಾದ ರಸ್ತೆ. ತಿರುವು ದಾಟಿದೆ, ಎದುರಿಗೆ ರಸ್ತೆ ತುಂಬ ಕುರಿಗಳು. ಅವುಗಳ ಹಿಂದೆಲ್ಲೋ ದೂರದಲ್ಲಿ ಒಬ್ಬ ರೈತ, ಅವನ ನಾಯಿ.

ನನ್ನ ಹೆಬ್ಬೆರಳು ತಾನಾಗಿಯೇ ಹಾರ್ನಿನ ಕಡೆ ಹೋಯಿತು. ಅಲ್ಲೇ ನಿಂತಿತು.

ಊರೆಲ್ಲ ಹಾರ್ನ್ ಹೊಡೆಯುತ್ತಿದ್ದ ಅಪ್ಪ ಒಂದೇ ಒಂದು ಕಡೆ ಹಾರ್ನ್ ಮುಟ್ಟುತ್ತಿರಲಿಲ್ಲ. ಕಕ್ಕೇರಾ ರಸ್ತೆಯಲ್ಲಿ ಕುರಿಹಿಂಡು ಎದುರಾದರೆ ಬಸ್ಸನ್ನು ಪಕ್ಕಕ್ಕೆ ನಿಲ್ಲಿಸಿ ಇಂಜಿನ್ನೇ ಬಂದ್ ಮಾಡುತ್ತಿದ್ದ. ಪ್ರಯಾಣಿಕರು ಗೊಣಗಿದರೂ ಕೇಳುತ್ತಿರಲಿಲ್ಲ. ದೊಡ್ಡ ಕುರಿಗಳು ಸದ್ದಿಗೆ ಓಡುತ್ತವೆ, ಮರಿಗಳು ಮಾತ್ರ ಹೆದರಿ ಗಾಲಿಯ ಕೆಳಗೇ ನುಗ್ಗುತ್ತವೆ ಎಂದು ಡ್ರೈವರ್ ಸೀಟಿನ ಪಕ್ಕ ಕೂತ ನನಗೆ ಹೇಳಿದ್ದ. ಇಪ್ಪತ್ತು ವರ್ಷ ನೆನಪಾಗದ ಮಾತು ಆ ಗಳಿಗೆಯಲ್ಲಿ ಅಪ್ಪನ ದನಿಯಲ್ಲೇ ಕೇಳಿತು.

ಕಾರನ್ನು ಎಡಕ್ಕೆ ತಂದು ನಿಲ್ಲಿಸಿದೆ. ಇಂಜಿನ್ ಬಂದ್ ಮಾಡಿದೆ. ಕಿಟಕಿ ಇಳಿಸಿದೆ. ಕುರಿಗಳು ಎರಡೂ ಬದಿಯಿಂದ ಕಾರನ್ನು ಉಜ್ಜಿಕೊಂಡು ಹೊರಟವು. ಅದೇ ಉಣ್ಣೆಯ ವಾಸನೆ, ಅದೇ ಬ್ಯಾ ಬ್ಯಾ. ಪಕ್ಕದಲ್ಲಿದ್ದವಳು ಗಡಿಯಾರ ನೋಡಿಕೊಂಡಳು.

ಆಗ ಹಿಂದಿನಿಂದ ಜೋರಾಗಿ ಒಂದು ಹಾರ್ನ್! ನಾನಲ್ಲ. ಪ್ರವಾಸಿಗರ ಬಾಡಿಗೆ ಕಾರೊಂದು ಬಂದು ನನ್ನ ಕಾರಿನ ಹಿಂದೆ ನಿಂತಿತ್ತು. ಅಪ್ಪ ಹೇಳಿದ್ದಂತೆಯೇ ಆಯಿತು. ಹಿಂಡು ಚೆದುರಿತು, ಒಂದು ಮರಿ ಮಾತ್ರ ಸೀದಾ ನನ್ನ ಕಾರಿನ ಕೆಳಗೆ ನುಗ್ಗಿ ಅಲ್ಲೇ ಕೂತುಬಿಟ್ಟಿತು. ಉಳಿದ ಕುರಿಗಳು ದಾಟಿ ರಸ್ತೆ ಖಾಲಿಯಾಯಿತು. ಹಿಂದಿನವನು ಮತ್ತೆ ಹೊಡೆದ.

"ರಸ್ತೆ ಖಾಲಿಯಿದೆ," ಎಂದಳು ಪರೀಕ್ಷಕಿ. ಅವಳಿಗೆ ಮರಿ ಕಂಡಿರಲಿಲ್ಲ.

"ಕೆಳಗೆ ಮರಿಯಿದೆ," ಎಂದೆ. "ಅದು ಹೊರಗೆ ಬರುವವರೆಗೆ ನಾನು ಕಾರು ತೆಗೆಯುವುದಿಲ್ಲ. ಬೇಕಾದರೆ ಫೇಲ್ ಮಾಡಿ."

ಹಾಗೆ ಅಂದದ್ದು ನಾನೇ. ಮೂರು ಸಲ ಫೇಲಾಗಿ, ಕೈಗೆ ಬಂದ ಕೆಲಸ ಜಾರುತ್ತಿದ್ದಾಗ ಅಂದದ್ದು. ಈಗ ನೆನೆದರೂ ನನ್ನ ಮೇಲೆ ನನಗೇ ಹೆಮ್ಮೆಯಾಗುತ್ತದೆ.

ರೈತ ಬಂದು, ಮೊಣಕಾಲೂರಿ, ಕೈಹಾಕಿ ಮರಿಯನ್ನು ಎಳೆದು ಕಂಕುಳಲ್ಲಿಟ್ಟುಕೊಂಡ. ನನ್ನ ಕಡೆ ನೋಡಿ ಒಂದು ಬೆರಳು ಎತ್ತಿದ. ಇಲ್ಲಿಯವರ ನಮಸ್ಕಾರ ಅಷ್ಟೇ, ಒಂದು ಬೆರಳು. ಆಮೇಲೆ ಹಿಂದಿನ ಕಾರಿನ ಕಿಟಕಿಗೆ ಹೋಗಿ ಅವನಿಗೆ ಏನೋ ಹೇಳಿದ. ಅದು ನಮಸ್ಕಾರ ಆಗಿರಲಿಲ್ಲ.

ವಾಪಸ್ ಬಂದು ಕಾರು ನಿಲ್ಲಿಸಿದಾಗ ಪರೀಕ್ಷಕಿ ಬಹಳ ಹೊತ್ತು ಬರೆದಳು.

"ಕುರಿಗಳ ಮುಂದೆ ಇಂಜಿನ್ ನಿಲ್ಲಿಸುವುದನ್ನು ಯಾರು ಕಲಿಸಿದರು?"

"ನಮ್ಮಪ್ಪ. ಬಸ್ ಡ್ರೈವರ್."

"ಅವರಿಗೆ ತಿಳಿಸಿ, ಮಗಳು ಪಾಸಾಗಿದ್ದಾಳೆ," ಎಂದಳು. ಆಗ ನಕ್ಕಳು.

ಕಾರಿನಿಂದಿಳಿದವಳು ಅಲ್ಲೇ ಅಂಗಳದಲ್ಲಿ ಕುಣಿದೆ. ಮಳೆ ಬರುತ್ತಿತ್ತು, ಬರಲಿ ಎಂದೆ. ಯಾವ ಸಿನಿಮಾದ ನಾಯಕಿಯೂ ಅಷ್ಟು ಚೆನ್ನಾಗಿ ಕುಣಿದಿರಲಾರಳು.

ಅಪ್ಪನಿಗೆ ಆಗಲೇ ಹೇಳಲಿಲ್ಲ. ಫೋನೆತ್ತಿದರೂ ಮಾತು ಬೇರೆಡೆಗೆ ಎಳೆದೆ. ಪಾಸಾದ ಕಾಗದವನ್ನು ಆಫೀಸಿಗೆ ಕೊಟ್ಟು, ಕೆಲಸ ನನ್ನದೇ ಎಂದು ಖಾತ್ರಿಯಾಗಿ, ಲೈಸೆನ್ಸ್ ಕೈಗೆ ಬಂದು, ಮೊದಲ ದಿನ ಮೊದಲ ರೋಗಿಯ ಮನೆಗೆ ಒಬ್ಬಳೇ ಹೊರಟೆ. ಅರ್ಧ ದಾರಿಯಲ್ಲಿ ಸಮುದ್ರದ ಪಕ್ಕ ಕಾರು ನಿಲ್ಲಿಸಿದೆ. ಸುತ್ತ ಒಂದು ನರಪಿಳ್ಳೆಯೂ ಇರಲಿಲ್ಲ. ಶಹಾಪುರದಲ್ಲಿ ಮಧ್ಯಾಹ್ನದ ಊಟದ ಹೊತ್ತು. ಅಪ್ಪ ಫೋನೆತ್ತಿದ.

"ಏನವಾ, ಪರೀಕ್ಷಾ ಏನಾತು? ಹೇಳವಲ್ಲಿ ನೀ!"

ಫೋನನ್ನು ಕಿಟಕಿಯಾಚೆ ಹಿಡಿದು ಹಾರ್ನ್ ಒತ್ತಿದೆ. ಒಂದು ಉದ್ದ, ಎರಡು ಗಿಡ್ಡ.

ಆ ಕಡೆ ಅಪ್ಪ ಕಣ್ಣು ಒರೆಸಿಕೊಳ್ಳುತ್ತಿದ್ದನೇನೋ, ನಾನೂ ಒರೆಸಿಕೊಳ್ಳುತ್ತಿದ್ದೆ. ಆಮೇಲೆ ಫೋನಿನಿಂದ ಮುಖ ತಿರುಗಿಸಿ ಅಡುಗೆಮನೆಯ ಕಡೆ ಅಪ್ಪ ಕೂಗಿದ್ದು ನನಗೆ ಸ್ಪಷ್ಟವಾಗಿ ಕೇಳಿತು.

"ಏ, ಒಲಿ ಮ್ಯಾಲ ಹಂಚ್ ಇಡು! ಮಗಳು ಗಾಡಿ ತಗೊಂಡ್ ಬಂದಾಳ!"