ಒಳಗೂ ಒಂದು ಬೊಟ್ಟು

ನಮ್ಮ ಮನೆಯಲ್ಲಿ ಆಯುಧಪೂಜೆಯ ದಿನ ಯಾವುದಕ್ಕೆ ಹೂವು, ಯಾವುದಕ್ಕೆ ಇಲ್ಲ ಎಂದು ತೀರ್ಮಾನಿಸುವವರು ನನ್ನ ಅತ್ತೆ. ಮೊದಲ ಹಾರ ಅವರ ಹೊಲಿಗೆ ಮಿಷಿನ್ನಿಗೆ. ಆಮೇಲೆ ಅವರ ಕತ್ತರಿ, ಈಳಿಗೆಮಣೆ, ಕೊನೆಗೆ ನನ್ನ ಗಂಡನ ಸ್ಕೂಟರು. ನನ್ನ ಕ್ಯಾಮೆರಾಗೆ ಒಂದು ಎಸಳೂ ಇರಲಿಲ್ಲ. ಹಳೆಯ ರೀಲ್ ಕ್ಯಾಮೆರಾದಲ್ಲಿ ಕಪ್ಪು-ಬಿಳುಪು ಚಿತ್ರ ತೆಗೆದು, ಬಚ್ಚಲುಮನೆಯಲ್ಲಿ ನಾನೇ ತೊಳೆದು, ಸ್ಕ್ಯಾನ್ ಮಾಡಿ ನೋಡಿಕೊಳ್ಳುವ ಹುಚ್ಚು ನನಗೆ. ಒಂದು ವರ್ಷ ನಾಚಿಕೆ ಬಿಟ್ಟು ಕ್ಯಾಮೆರಾವನ್ನು ಮಿಷಿನ್ನಿನ ಪಕ್ಕ ಇಟ್ಟೆ. ಅತ್ತೆ ಅದನ್ನು ಮೆಲ್ಲಗೆ ಎತ್ತಿ ಷೋಕೇಸಿನಲ್ಲಿ ಇಟ್ಟರು.

“ಅದು ಆಟದ ಸಾಮಾನು ಕಣಮ್ಮ. ಪೂಜೆ ದುಡಿಯೋ ಸಾಮಾನಿಗೆ.”

ಮೃದುವಾಗಿಯೇ ಹೇಳಿದರು, ಆದರೂ ಚುರುಕ್ ಎಂದಿತು. ನಾನು ಸುಮ್ಮನಿರುವವಳಲ್ಲ. “ನಿಮ್ಮ ಮಗನ ಸ್ಕೂಟರು ದುಡಿಯೋದಕ್ಕಿಂತ ಗ್ಯಾರೇಜಲ್ಲಿ ಮಲಗೋದೇ ಹೆಚ್ಚು” ಎಂದು ಹೇಳಿ ಒಳಗೆ ಹೋದೆ. ಹಿಂದಿನಿಂದ ಅತ್ತೆ ನಕ್ಕದ್ದು ಕೇಳಿಸಿತು.

ಅತ್ತೆ ಕುಂಬಾರಕೊಪ್ಪಲಿನ ಅರ್ಧ ಹೆಂಗಸರಿಗೆ ರವಿಕೆ ಹೊಲಿದವರು. ಅವರ ಕತ್ತರಿಯನ್ನು ಯಾರೂ ಮುಟ್ಟುವಂತಿಲ್ಲ, ಅದು ಬಟ್ಟೆಗೆ ಮಾತ್ರ. ಒಮ್ಮೆ ನನ್ನ ಗಂಡ ಅದರಲ್ಲಿ ಕ್ಯಾಲೆಂಡರಿನ ಹಾಳೆ ಕತ್ತರಿಸಿ, ವಾರವಿಡೀ ಬೈಸಿಕೊಂಡಿದ್ದರು. ಹೋದ ವರ್ಷ ಅತ್ತೆಗೆ ಕಣ್ಣು ಮಂಜಾಯಿತು, ಬೆರಳು ಜೋಮು ಹಿಡಿಯತೊಡಗಿತು. ದಸರಾ ಮುಗಿದ ಮೇಲೆ ಮಿಷಿನ್, ಕತ್ತರಿ ಎರಡನ್ನೂ ತಮ್ಮ ಮಗಳಿಗೆ, ಅಂದರೆ ನನ್ನ ನಾದಿನಿಗೆ, ಕೊಟ್ಟುಬಿಡುವುದೆಂದು ನಿರ್ಧರಿಸಿದರು.

ಅವರು ಹೊಲಿದ ಕೊನೆಯ ರವಿಕೆ ನನ್ನದು. ಹೊಲಿಯುವಾಗ ಫೋಟೋ ತೆಗೆಯಲೇ ಎಂದು ಕೇಳಿದೆ. ಕ್ಯಾಮೆರಾ ಕಂಡರೆ ಸೆರಗು ಮುಖಕ್ಕೆ ಹಿಡಿಯುವ ಅತ್ತೆ ಅಂದು ಅದೇಕೋ ಹೂಂ ಎಂದರು. ಮೂವತ್ತಾರು ಚಿತ್ರಗಳ ರೀಲಿನಲ್ಲಿ ಮೂವತ್ತೈದು ತೆಗೆದೆ. ಮೊದಲ ಐದಾರನ್ನು ಕೈ ಕುದುರಲೆಂದು ತೆಗೆದೆ. ಉಸಿರು ಬಿಗಿಹಿಡಿದು ತೆಗೆದದ್ದು ಆಮೇಲಿನವನ್ನು: ಬಟ್ಟೆ ಸರಿಸುವ ಬೆರಳು, ತುಳಿಯುವ ಪಾದ, ಕೊನೆಯ ದಾರವನ್ನು ಹಲ್ಲಿನಿಂದ ಕಚ್ಚಿ ತುಂಡರಿಸಿದ ಗಳಿಗೆ. ಹಾರ ಹಾಕಿಸಿಕೊಂಡ ಮಿಷಿನ್ನಿಗೆಂದು ಒಂದನ್ನು ಉಳಿಸಿಕೊಂಡು, ರೀಲನ್ನು ಕ್ಯಾಮೆರಾದಲ್ಲೇ ಬಿಟ್ಟೆ.

ಆಯುಧಪೂಜೆಯ ಬೆಳಿಗ್ಗೆ ಹೂರಣ ರುಬ್ಬಿ ಹೊರಗೆ ಬಂದರೆ, ಮಿಷಿನ್ನಿನ ಪಕ್ಕ ಮಣೆಯ ಮೇಲೆ ನನ್ನ ಕ್ಯಾಮೆರಾ ಕೂತಿತ್ತು. ಮೈಯೆಲ್ಲ ಒರೆಸಿ, ಕುಂಕುಮ ಇಟ್ಟು, ಒಂದು ಸೇವಂತಿಗೆ ಮುಡಿಸಿದ್ದರು. ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಹದಿನೆಂಟು ವರ್ಷ ಕಾದಿದ್ದೆ ಆ ಒಂದು ಹೂವಿಗೆ.

“ಮಿಷಿನ್‌ಗೆ ಮಾಡ್ದಂಗೇ ಇದಕ್ಕೂ ಮಾಡ್ಬುಟ್ಟೆ ಕಣಮ್ಮ” ಎಂದರು ಅತ್ತೆ. “ಹಿಂದ್ಗಡೆ ಬಾಗ್ಲು ತೆಗ್ದು ಬ್ರಷ್ಷಲ್ಲಿ ಧೂಳೆಲ್ಲ ಹೊಡ್ದೆ. ಒಳಗೂ ಒಂದು ಬೊಟ್ಟು ಇಟ್ಟಿದ್ದೀನಿ. ಕೆಲಸ ಮಾಡೋದು ಒಳಗಲ್ವಾ?”

ಮಿಷಿನ್ನಿನ ಹೊಟ್ಟೆ ಬಿಚ್ಚಿ, ನೂಲಿನ ಕಸ ತೆಗೆದು, ಎಣ್ಣೆ ಬಿಟ್ಟು, ಒಳಗಿನ ತಗಡಿಗೂ ಕುಂಕುಮ ಇಡುವುದು ಅವರ ಪದ್ಧತಿ. ತೊಳೆಯದ ರೀಲಿಗೆ ಬೆಳಕು ತಾಗಿದರೆ ಚಿತ್ರಗಳು ಹಾಳಾಗುತ್ತವೆಂದು ಅವರಿಗೆ ಹೇಗೆ ಗೊತ್ತಾಗಬೇಕು? ನಾನು ಹೇಳಿಯೇ ಇರಲಿಲ್ಲ. ಬೈಯಲು ಬಾಯಿ ತೆರೆದೆ. ಬಹುಮಾನಕ್ಕೆ ಕಾಯುವ ಮಗುವಿನ ಹಾಗೆ ಅವರು ನನ್ನನ್ನೇ ನೋಡುತ್ತಿದ್ದರು. “ಚೆನ್ನಾಗಿದೆ ಅತ್ತೆ” ಎಂದು ಬಚ್ಚಲುಮನೆಗೆ ಹೋದೆ. ನಲ್ಲಿ ಬಿಟ್ಟುಕೊಂಡು ಬಿಕ್ಕಿಬಿಕ್ಕಿ ಅತ್ತುಬಿಟ್ಟೆ.

ಪೂಜೆಗೆ ಇಟ್ಟದ್ದನ್ನು ಅಂದು ಮುಟ್ಟುವಂತಿಲ್ಲ. ಮರುದಿನ ವಿಜಯದಶಮಿ. ನನ್ನ ಗಂಡ ಜಂಬೂಸವಾರಿ ನೋಡಲು ಬನ್ನಿಮಂಟಪದ ರಸ್ತೆಯಲ್ಲಿ ಜಾಗ ಹಿಡಿಯುತ್ತೇನೆಂದು ಬೆಳಿಗ್ಗೆಯೇ ಹೊರಟರು. ಕಾಲು ನೋವೆಂದು ಅತ್ತೆ ಮನೆಯಲ್ಲೇ ಉಳಿದರು. ನಾನು ರೀಲನ್ನು ಹಿಂದಕ್ಕೆ ಸುತ್ತಿ, ಬಚ್ಚಲುಮನೆಯ ಬಾಗಿಲು ಹಾಕಿಕೊಂಡೆ. ಬೆಳಕು ನುಗ್ಗದ ಕಪ್ಪು ಚೀಲದೊಳಗೆ ಕೈ ತೂರಿಸಿ, ರೀಲನ್ನು ತೊಳೆಯುವ ಡಬ್ಬಿಗೆ ಸೇರಿಸಿದೆ. ಔಷಧಿ ಸುರಿದು, ಗಡಿಯಾರ ನೋಡುತ್ತ ಅಲ್ಲಾಡಿಸಿದೆ. ಬೇರೆ ದಿನವಾದರೆ ಈ ಹತ್ತು ನಿಮಿಷವೆಂದರೆ ನನಗೆ ಪ್ರಾಣ. ಅಂದು ಡಬ್ಬಿ ತೆರೆಯಲೇ ಮನಸ್ಸಿರಲಿಲ್ಲ.

ತೆಗೆದು ನೋಡಿದರೆ ರೀಲಿನ ಬಹುಪಾಲು ಕಾಡಿಗೆ ಬಳಿದ ಹಾಗೆ ಕಪ್ಪು. ಅತ್ತೆ ಬಾಗಿಲು ತೆಗೆದಾಗ ಕಡೆಗೆ ತೆಗೆದ ಚಿತ್ರಗಳು ಸುರುಳಿಯ ಹೊರಮೈಯಲ್ಲಿ ಇದ್ದವು, ಬೆಳಕು ಅವನ್ನು ತಿಂದುಹಾಕಿತ್ತು. ಬೆರಳು ಹೋಯಿತು, ಪಾದ ಹೋಯಿತು, ದಾರ ಕಚ್ಚಿದ ಹಲ್ಲೂ ಹೋಯಿತು. ಸುರುಳಿಯ ಒಳಗೆ ಅವಿತು ಬದುಕಿದ್ದು ಮೊದಲ ಐದು ಮಾತ್ರ.

ಒಣಗಿದ ಮೇಲೆ ಆ ಐದನ್ನು ಸ್ಕ್ಯಾನ್ ಮಾಡಲು ಕೂತೆ. ಉಳಿದ ಕಪ್ಪು ಬಾಲ ನನ್ನ ಮಡಿಲಿಗೆ ಇಳಿಬಿದ್ದಿತ್ತು. ಅತ್ತೆ ಕಾಫಿ ತಂದು ಪಕ್ಕದಲ್ಲಿ ಕೂತರು. ಲ್ಯಾಪ್‌ಟಾಪಿನಲ್ಲಿ ಒಂದೊಂದೇ ಮೂಡಿತು. ಐದರಲ್ಲೂ ಅತ್ತೆ ಮಿಷಿನ್ನಿನ ಸೂಜಿಗೆ ದಾರ ಪೋಣಿಸುತ್ತಿದ್ದಾರೆ. ಒಂದರಲ್ಲಿ ದಾರದ ತುದಿ ಬಾಯಲ್ಲಿದೆ. ಇನ್ನೊಂದರಲ್ಲಿ ಒಂದು ಕಣ್ಣು ಮುಚ್ಚಿದ್ದಾರೆ. ನಾಲ್ಕನೆಯದರಲ್ಲಿ ನನ್ನತ್ತ ಹುಬ್ಬು ಗಂಟಿಕ್ಕಿದ್ದಾರೆ. ಐದನೆಯದರಲ್ಲಿ ಅಂಚಿನಿಂದ ಬೆಳಕು ಒಳಗೆ ನುಗ್ಗಿದೆ, ದಾರ ಸೂಜಿಯೊಳಗೆ ಹೋಗಿದೆ, ಅತ್ತೆ ಬಾಯ್ತುಂಬ ನಗುತ್ತಿದ್ದಾರೆ.

“ಹೋಯ್ತು ನೋಡು ದಾರ!” ಎಂದು ನನ್ನ ತೊಡೆ ತಟ್ಟಿದರು. ಆಮೇಲೆ ಕೇಳಿದರು, “ಮಿಕ್ಕಿದ್ದು?”

“ಇಷ್ಟೇ ಅತ್ತೆ.”

“ಸುಳ್ಳು ಹೇಳ್ಬೇಡ. ಅವತ್ತು ಟಕ್ ಟಕ್ ಅನ್ನಿಸ್ತಾನೇ ಇದ್ದೆ.” ನನ್ನ ಮಡಿಲಿನ ಕಪ್ಪು ಬಾಲವನ್ನು ಎತ್ತಿ ಕಿಟಕಿಗೆ ಹಿಡಿದರು. ಬಹಳ ಹೊತ್ತು ನೋಡಿದರು. “ನಾನು ಬಾಗ್ಲು ತೆಗ್ದಿದ್ದಕ್ಕಾ?”

“ಹೂಂ ಅತ್ತೆ.”

“ನೆನ್ನೇನೇ ಗೊತ್ತಿತ್ತಾ ನಿಂಗೆ?”

“ಹೂಂ.”

“ಬೈಬಾರ್ದಾಗಿತ್ತಾ?”

“ಹೂವು ಇಟ್ಟಿದ್ರಲ್ಲ ಅತ್ತೆ” ಎಂದೆ.

ಕಾಫಿ ಆರುತ್ತಿತ್ತು. ನನಗೆ ಅವರ ಮುಖ ನೋಡಲಾಗದೆ, ಐದು ಚಿತ್ರಗಳನ್ನು ಬೇರೆ ಮಾಡಿ ಎತ್ತಿಡೋಣವೆಂದು ಅಡುಗೆಮನೆಯ ಕತ್ತರಿ ತಂದೆ.

“ಹಾಲಿನ ಪ್ಯಾಕೆಟ್ಟು ಕತ್ತರಿಸೋದನ್ನ ಅತ್ಲಾಗಿಡು” ಎಂದು ಅತ್ತೆ ಎದ್ದರು. ಕಾಲು ಎಳೆಯುತ್ತ ಮಿಷಿನ್ನಿನ ಹತ್ತಿರ ಹೋಗಿ, ಕುಂಕುಮ ಇನ್ನೂ ಅಂಟಿದ್ದ ತಮ್ಮ ಕತ್ತರಿಯನ್ನು ಸೆರಗಿನಲ್ಲಿ ಒರೆಸಿಕೊಂಡು ಬಂದರು. ಹಿಡಿಯನ್ನು ನನ್ನ ಕಡೆ ಮಾಡಿ ಚಾಚಿದರು.

“ಮಿಷಿನ್ ಮಗಳು ತಗೊಂಡು ಹೋಗ್ಲಿ. ಇದು ನಿನ್ನ ಕೆಲಸಕ್ಕಿರ್ಲಿ. ಕಾಗದ ಮಾತ್ರ ಕತ್ತರಿಸ್ಬೇಡ, ಮೊಂಡಾಗ್ಬುಡ್ತದೆ.”