ಅವ್ವನಿಗೆ ನಿದ್ದೆ ತರುವ ಗಾಡಿ

1966, ಮಾರ್ಚ್ 6, ರವಿವಾರ, ಬೆಳಗಿನ ಆರೂವರೆ. ಇಚಲಕರಂಜಿಯಿಂದ ಗಡಹಿಂಗ್ಲಜಕ್ಕೆ ಹೊರಟೆವು. ಹಳೆಯ ಮೋಟರ್‌ಸೈಕಲ್ ಮಾರಿ, ಯುಗಾದಿ ಪಾಡ್ಯಕ್ಕೆ ಜೋರಾಗಿ ಓಡುವ ಹೊಸದೊಂದನ್ನು ಕೊಳ್ಳಬೇಕೆಂದಿದ್ದೆ. ಹಿಂದಿನ ವಾರ ಗೆಳೆಯನ ಎರಡು ಸೈಲೆನ್ಸರಿನ ಕೆಂಪು ಗಾಡಿಯನ್ನು ಕೊಲ್ಲಾಪುರದ ತನಕ ಓಡಿಸಿ ನೋಡಿದ್ದೆ. ಹಗುರ, ಚುರುಕು, ಸದ್ದು ಮಾತ್ರ ಕಿವಿಗೆ ಚುಚ್ಚುವಂಥದ್ದು. ಅಂದು ಸೋದರಮಾವನ ಭಾರವಾದ ಕರಿ ಗಾಡಿಯ ಸರದಿ. ಗಡಹಿಂಗ್ಲಜದಲ್ಲಿರುವ ನನ್ನ ಅಕ್ಕನನ್ನು ನೋಡಲು ಅವ್ವನೂ ಹಿಂದೆ ಕುಳಿತಿದ್ದಳು.

ಕಬ್ಬಿನ ಹೊಲಗಳ ಮೇಲೆ ತೆಳ್ಳಗೆ ಮಂಜು ಹರಡಿತ್ತು. ಇಂಜಿನ್ನು ಒಂದೇ ಲಯದಲ್ಲಿ ಗುಡುಗುತ್ತಿತ್ತು. ನೆಲ ಬಿಟ್ಟು ತೇಲುತ್ತಿದ್ದೇವೆ ಅನ್ನಿಸಿತು. ಇದನ್ನೇ ಕೊಳ್ಳೋಣ ಎಂದುಕೊಳ್ಳುವಷ್ಟರಲ್ಲಿ ಅವ್ವನ ತಲೆ ನನ್ನ ಬೆನ್ನಿಗೆ ಒರಗಿತು, ಭುಜ ಹಿಡಿದಿದ್ದ ಕೈ ಜಾರಿತು. ಗಾಬರಿಯಾಗಿ ನಿಲ್ಲಿಸಿದೆ.

"ಅವ್ವಾ, ನಿದ್ದಿ ಹತ್ತಿತೇನ? ಬಿದ್ದಿದ್ರ ಏನ್ ಗತಿ?"

"ಏನ್ ಮಾಡ್ಲೋ, ಇದು ನಮ್ಮ ಮಗ್ಗದಂಗ ಬಡೀತೈತಿ. ಮದಿವಿಯಾಗಿ ಬಂದಾಗಿಂದ ಆ ಸಪ್ಪಳದಾಗ ಮಲಗೇನಿ. ಮೊನ್ನಿ ಬಾಗಲಾಗ ನಿಂತಿತ್ತಲ್ಲ, ಆ ಕೆಂಪು ಗಾಡೀನ ಬರೋಬ್ಬರಿ. ಅದು ಸತ್ತವರನ್ನೂ ಎಬ್ಬಸ್ತೈತಿ."

ಮಗ್ಗ ನಿಂತರೆ ಎಚ್ಚರಾಗುವ ಮನೆ ನಮ್ಮದು; ನನಗೇ ಹೊಳೆಯಬೇಕಿತ್ತು. ಉಳಿದ ದಾರಿಯುದ್ದಕ್ಕೂ ಅವಳನ್ನು ಮಾತಾಡಿಸುತ್ತ ಮೆಲ್ಲಗೆ ಓಡಿಸಿದೆ.

ಪಾಡ್ಯಕ್ಕೆ ಕೆಂಪು ಗಾಡಿಯೇ ಮನೆಗೆ ಬಂತು. ಕರಿಯದರ ಸದ್ದು ಈಗಲೂ ಕನಸಿನಲ್ಲಿ ಕೇಳಿಸುತ್ತದೆ. ಅಂಥ ಗಾಡಿಗೆ ಹಿಂದೆ ಕೂತವರು ಒರಗಿಕೊಳ್ಳುವಂಥ ಸೀಟನ್ನು ಯಾರಾದರೂ ಕೂರಿಸಿದ್ದರೆ, ಹೇಗೆಂದು ನನಗೆ ಬರೆದು ತಿಳಿಸಿ.