ಹಿಂಬದಿಯ ಲೈಟು, ಹೊರಗಿನ ಸ್ವಿಚ್ಚು

ನಮ್ಮ ಮಲ್ಲಪ್ಪ ಮಾವನ ಪಿಕಪ್‌ಗೆ ಎಷ್ಟು ಲೈಟಿವೆ ಎಂದು ಕೇಳಬೇಡಿ. ಮುಂದೆ ಹಳದಿ, ನೆತ್ತಿಯ ಮೇಲೆ ನೀಲಿ, ಕನ್ನಡಿಯ ಪಕ್ಕ ಹಸಿರು. ಎದುರು ಬಂದವರು ಮದುವೆ ಮೆರವಣಿಗೆ ಎಂದುಕೊಂಡು ಪಕ್ಕಕ್ಕೆ ಸರಿಯುತ್ತಾರೆ. ಆದರೆ ಮಂದಿ ಹತ್ತಿ ಇಳಿಯುವ ಹಿಂಭಾಗಕ್ಕೆ ಮಾತ್ರ ಒಂದು ಮಿಣುಕು ದೀಪವೂ ಇರಲಿಲ್ಲ.

(ಮಂದಿ ಎಂದೆನೇ? ಕ್ಷಮಿಸಿ. ಕಾನೂನಿನ ಪ್ರಕಾರ ಅದು ಸರಕಿನ ಗಾಡಿ. ಅದರಲ್ಲಿ ಮಂದಿ ಇರುವುದಿಲ್ಲ.)

ಇಲ್ಲದ ಆ ಮಂದಿ ದಿನಾ ಬೆಳಿಗ್ಗೆ ಸುರಪುರದ ಮಗ್ಗುಲಿನ ನಮ್ಮೂರಿನಿಂದ ಹುಣಸಗಿ ಕಡೆಯ ಹೊಲಗಳಿಗೆ ಹತ್ತಿ ಬಿಡಿಸಲು ಹೋಗುತ್ತಾರೆ. ಹೊತ್ತು ಮುಳುಗಿದಾಗ ವಾಪಸ್. ಎಲ್ಲರೂ ಹೆಂಗಸರು. ಅವರಿಗೆಲ್ಲ ಮುಂದಾಳು ನಾಗಮ್ಮತ್ತಿ. ಯಾರು ಬರಬೇಕು, ಯಾವ ಹೊಲಕ್ಕೆ ಹೋಗಬೇಕು, ಯಾರ ಗಾಡಿ ಹತ್ತಬೇಕು, ಎಲ್ಲ ಅವಳದೇ ತೀರ್ಮಾನ. ಊರಿಗೆಲ್ಲ ಮೀಸೆ ತಿರುವುವ ನಮ್ಮ ಮಾವ ನಾಗಮ್ಮತ್ತಿಯನ್ನು ಕಂಡರೆ ಬೀಡಿಯನ್ನು ಬೆನ್ನ ಹಿಂದೆ ಅಡಗಿಸುತ್ತಾನೆ.

ಒಂದು ಸಂಜೆ ಕತ್ತಲಲ್ಲಿ ಹತ್ತುವಾಗ ದುರ್ಗಮ್ಮ ಕಾಲು ಜಾರಿ, ಮೊಳಕಾಲು ಕಬ್ಬಿಣಕ್ಕೆ ಬಡಿದು ಬಿದ್ದಳು. ನಾಗಮ್ಮತ್ತಿ ಸೊಂಟಕ್ಕೆ ಕೈಯಿಟ್ಟಳು.

“ಹಿಂದ ಲೈಟ್ ಹಾಕಸು ಮಲ್ಲಪ್ಪ. ಬಟನ್ ನಮ್ಮ ಕೈಗೆ ಸಿಗೂವಂಗ ಹೊರಗಿರಬೇಕು. ನೀ ಒಳಗ ಕುಂತು ಬ್ಯಾಟ್ರಿ ಬ್ಯಾಟ್ರಿ ಅಂತ ಆರಸಾಂವ ಅದಿ. ಇಲ್ಲಂದ್ರ ನಾವು ಬ್ಯಾರೆ ಗಾಡಿ ನೋಡ್ಕೊತೀವಿ.”

ಮಾವ ಮರುದಿನವೇ ಶಹಾಪುರಕ್ಕೆ ಹೊರಟ. ತಜ್ಞನಾಗಿ ನನ್ನನ್ನೂ ಕರೆದುಕೊಂಡ. ಹುಣಸಗಿಯಲ್ಲಿ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ ಇದೆ. ಅಷ್ಟಕ್ಕೇ ನಮ್ಮ ಮನೆತನದಲ್ಲಿ ವೈರ್ ಇರುವ ವಸ್ತುವಿಗೆಲ್ಲ ನಾನೇ ಎಂಜಿನಿಯರ್. (ಪಕ್ಕದ ಮನೆಯವರ ಮಿಕ್ಸಿಯನ್ನು ರಿಪೇರಿ ಮಾಡಿಕೊಟ್ಟಿದ್ದೆ. ಅವರು ಈಗ ಒಳಕಲ್ಲಿನಲ್ಲಿ ರುಬ್ಬುತ್ತಾರೆ.)

ಅಂಗಡಿಯ ಎಲೆಕ್ಟ್ರಿಷಿಯನ್‌ಗೆ ನಗು. ಗಾಡಿಯ ಸ್ವಿಚ್ಚನ್ನು ಯಾರಾದರೂ ಹೊರಗೆ ಹಾಕುತ್ತಾರೆಯೇ, ಹಾದಿಯಲ್ಲಿ ಹೋಗುವವರೆಲ್ಲ ಒತ್ತುತ್ತಾರೆ ಎಂದ. ನಾನು ನಾಗಮ್ಮತ್ತಿಯ ದನಿಯಲ್ಲಿ, ಸೊಂಟಕ್ಕೆ ಕೈಯಿಟ್ಟು, ಅವನಿಗೂ ಎರಡು ಮಾತು ಬೈದೆ. ತೆಪ್ಪಗೆ ಕೆಲಸಕ್ಕೆ ಕೂತ. ಬ್ಯಾಟರಿಯಿಂದ ಫ್ಯೂಸು, ಫ್ಯೂಸಿನಿಂದ ಕರಿ ಪೈಪಿನೊಳಗೆ ಗಾಡಿಯ ಹೊಟ್ಟೆಯ ಕೆಳಗೆ ಹಾದುಹೋದ ವೈರು, ಹಿಂದೆ ಮೇಲುಗಡೆ ಬಿಳಿ ಲೈಟು. ಹಿಂಬಾಗಿಲ ಪಕ್ಕದಲ್ಲಿ, ನೆಲದ ಮೇಲೆ ನಿಂತವರಿಗೂ ಗಾಡಿಯಲ್ಲಿ ಕೂತವರಿಗೂ ಕೈಗೆಟಕುವ ಎತ್ತರಕ್ಕೆ ಸ್ವಿಚ್ಚು. ಮಳೆನೀರು ಇಳಿಯದಂತೆ ಅದಕ್ಕೊಂದು ರಬ್ಬರ್ ಟೊಪ್ಪಿಗೆ.

ಅಂದು ಸಂಜೆ ದುರ್ಗಮ್ಮನೇ ಮೊದಲು ಒತ್ತಿದಳು. ನಮ್ಮ ಮನೆಯಲ್ಲೂ ಇಷ್ಟು ಬೆಳಕಿಲ್ಲ ಎಂದು ಒಮ್ಮೆ ಆರಿಸಿ, ಇನ್ನೊಮ್ಮೆ ಹಚ್ಚಿದಳು. ಮಾವ ಬ್ಯಾಟರಿ ಎಂದು ಬಾಯಿ ತೆರೆದವನು ನಾಗಮ್ಮತ್ತಿಯ ಮುಖ ನೋಡಿ ಮುಚ್ಚಿದ. ನನಗೂ ಲಾಭವಾಯಿತು. ನನ್ನ ಬೈಕಿನ ಹೆಡ್‌ಲೈಟು ಮಿಂಚುಹುಳುವಿಗೆ ನಾಚಿಕೆ ತರಿಸುವಂಥದ್ದು. ಅಂಗಡಿ ಮುಚ್ಚಿ ಬರುವಾಗ ಪಿಕಪ್‌ನ ಬೆನ್ನು ಹತ್ತಿ, ಅದರ ಬೆಳಕಿನಲ್ಲೇ ಊರು ಸೇರುತ್ತಿದ್ದೆ.

ಆದರೆ ಮಾವನದೂ ಒಂದು ಷರತ್ತಿತ್ತು. ದಾರಿಯಲ್ಲಿ ಒಂದು ಪೊಲೀಸ್ ನಾಕಾ ಇದೆ. ಸರಕಿನ ಗಾಡಿಯಲ್ಲಿ ಜನರನ್ನು ಕಂಡರೆ ಹಿಡಿದು ನಿಲ್ಲಿಸುತ್ತಾರೆ. ಅದಕ್ಕೇ, ಅಲ್ಲಿಗೆ ಬರುವ ಮುಂಚೆ ಎರಡು ಹಾರ್ನ್. ಎರಡು ಹಾರ್ನ್ ಕೇಳಿತೆಂದರೆ ನಾಗಮ್ಮತ್ತಿ ಲೈಟ್ ಆರಿಸಬೇಕು, ಎಲ್ಲರೂ ಕುಕ್ಕರಿಸಿ ಮೇಲೆ ತಾಡಪತ್ರಿ ಎಳೆದುಕೊಳ್ಳಬೇಕು, ನಾಕಾ ದಾಟುವವರೆಗೆ ಯಾರೂ ಉಸಿರೆತ್ತಬಾರದು.

ಇಂಥದ್ದು ಸಿಕ್ಕರೆ ನಾನು ಬಿಡುತ್ತೇನೆಯೇ? ಬೆಳಿಗ್ಗೆ ಅವರು ಗಾಡಿ ಹತ್ತುವಾಗಲೇ ನಾಕಾದ ಸಾಹೇಬರಂತೆ ಹೊಟ್ಟೆ ಮುಂದೆ ಮಾಡಿ, ಮೂಗಿನಲ್ಲಿ ಮಾತಾಡಿ, “ಏನ್ಲೇ ಮಲ್ಲಪ್ಪ, ಇವತ್ತೇನು ತುಂಬೀದಿ?” ಎನ್ನುತ್ತಿದ್ದೆ. ಎಲ್ಲರೂ ತಾಡಪತ್ರಿಯ ಕೆಳಗೆ ಸೇರಿ ತಾಲೀಮು ನಡೆಸುತ್ತಿದ್ದರು. ದುರ್ಗಮ್ಮನಿಗೆ ಮಾತ್ರ ನಗು ತಡೆಯಲಾಗುತ್ತಿರಲಿಲ್ಲ. ಸದ್ದು ಹೊರಬರದಂತೆ ಸೆರಗನ್ನು ಬಾಯಿಗೆ ತುರುಕಿಕೊಳ್ಳುತ್ತಿದ್ದಳು.

ಹೋದ ತಿಂಗಳ ಒಂದು ಸಂಜೆ. ಗಿರಾಕಿಯೊಬ್ಬನ ಫೋನ್ ಮುಗಿಸಿಕೊಡುವುದರಲ್ಲಿ ನಾನು ಸ್ವಲ್ಪ ಹಿಂದೆ ಬಿದ್ದಿದ್ದೆ. ನಾಕಾ ಇನ್ನೂ ಸ್ವಲ್ಪ ದೂರ ಇರುವಾಗಲೇ, ಕಾಲುವೆ ಪಕ್ಕದ ರಸ್ತೆಯಲ್ಲಿ, ಮಾವ ಎರಡು ಹಾರ್ನ್ ಹೊಡೆದಿದ್ದಾನೆ. ಹಿಂದೆ ಲೈಟ್ ಆರಿದೆ, ತಾಡಪತ್ರಿ ಮುಚ್ಚಿದೆ. ಅಷ್ಟರಲ್ಲಿ ಎದುರಿನಿಂದ ಟ್ರ್ಯಾಕ್ಟರ್. ಜಾಗ ಬಿಡಲು ಅಂಚಿಗೆ ಹೋದ ಪಿಕಪ್‌ನ ಹಿಂಗಾಲಿ ಕೆಳಗೆ ಮಣ್ಣು ಕುಸಿದು ಗಾಡಿ ಚರಂಡಿಗೆ ವಾಲಿದೆ, ಟ್ರ್ಯಾಕ್ಟರ್ ನಿಲ್ಲದೆ ಹೋಗಿದೆ. ಪೂರ್ತಿ ಉರುಳಲಿಲ್ಲ. ಆದರೆ ಆ ದಿನ ಹೆಂಗಸರ ಜೊತೆ ಹತ್ತಿ ತುಂಬಿದ ಅಂಡಗಿಗಳೂ ಇದ್ದವು. ಆಳೆತ್ತರದ ಚೀಲಗಳು. ಒಳಗೆ ಅವು ಜಾರಿ ಬಿದ್ದವು.

ಸದ್ದು ಕೇಳಿ ನಾಕಾದಿಂದ ಸಾಹೇಬರೇ ಓಡಿ ಬಂದರಂತೆ. ಇದನ್ನು ಆಮೇಲೆ ಮಾವನೇ ಹೇಳಿದ, ತಲೆ ಎತ್ತದೆ. ಸಾಹೇಬರು ಟಾರ್ಚ್ ಬಿಟ್ಟು ನೋಡಿದರಂತೆ. ಹೊಟ್ಟೆ ಮುಂದೆ ಇರಲಿಲ್ಲ, ಮೂಗಿನಲ್ಲಿ ಮಾತಾಡಲಿಲ್ಲ.

“ಒಳಗ ಮಂದಿ ಇದ್ರ ಹೇಳಪಾ. ಕೇಸ್ ಮಾಡಂಗಿಲ್ಲ. ಆಂಬುಲೆನ್ಸ್ ಕರಸ್ತೀನಿ.”

“ಇಲ್ರಿ ಸಾಹೇಬ್ರ. ಹತ್ತಿ ಅಂಡಗಿ ಅಷ್ಟೇ ಅವ.”

ತಾಡಪತ್ರಿಯ ಕೆಳಗೆ ಒಂದು ಉಸಿರೂ ಕೇಳಲಿಲ್ಲ. ಅಷ್ಟು ಚೆನ್ನಾಗಿ ಕಲಿತಿದ್ದರು.

ನಾನು ತಲುಪಿದಾಗ ಸಾಹೇಬರು ಹಗ್ಗ, ಟ್ರ್ಯಾಕ್ಟರ್ ತರಲು ಆಗಷ್ಟೇ ಹೊರಟು ಹೋಗಿದ್ದರು. ಓಡಿ ಹೋಗಿ ತಾಡಪತ್ರಿ ಸರಿಸಿದೆ. ಕತ್ತಲಲ್ಲಿ ಒಂದರ ಪಕ್ಕ ಒಂದು ತಲೆಗಳು. ನಾಗಮ್ಮತ್ತಿ ಪಿಸುಗುಟ್ಟಿದ್ದು ಒಂದೇ ಮಾತು.

“ಹೋದ್ರೇನು?”

ಹೋದರು ಎಂದೆ. ಆಗ ಅವಳು ಸ್ವಿಚ್ ಒತ್ತಿದಳು. ಲೈಟು ಹತ್ತಿತು. ನಾವು ಹಾಕಿಸಿದ್ದು ಒಳ್ಳೆಯ ಲೈಟು, ಮೂಲೆ ಮೂಲೆಯೂ ಕಂಡಿತು. ಮೂಲೆಯಲ್ಲಿ, ಎರಡು ಅಂಡಗಿಗಳ ಅಡಿಯಲ್ಲಿ, ದುರ್ಗಮ್ಮನ ಮುಖವೂ.

ಅಂಡಗಿ ಎತ್ತಿದೆವು. ಅವಳಿಗೆ ಉಸಿರಿತ್ತು. ಸೆರಗು ಬಾಯಲ್ಲಿತ್ತು. ಯಾರೂ ತುರುಕಿದ್ದಲ್ಲ, ತಾನೇ ತುರುಕಿಕೊಂಡಿದ್ದು. ಹಲ್ಲು ಬಿಡಿಸಿ ತೆಗೆಯಬೇಕಾಯಿತು. ಕಲಬುರಗಿಯ ಆಸ್ಪತ್ರೆ ತಲುಪುವ ಮುಂಚೆ ಹೋದಳು. ಇನ್ನಷ್ಟು ಬೇಗ ತಂದಿದ್ದರೆ, ಎಂದರು ಡಾಕ್ಟರು.

ಕೇಸಾಯಿತು. ಗಾಡಿ ಠಾಣೆಯಲ್ಲಿ ನಿಂತಿದೆ. ಮಾವ ಮನೆಯಿಂದ ಹೊರಬರುತ್ತಿಲ್ಲ. ಊರಿನ ಕಟ್ಟೆಯ ಮೇಲೆ ಕೂತವರು ಮಾತ್ರ ತೀರ್ಪು ಕೊಟ್ಟು ಮುಗಿಸಿದ್ದಾರೆ: ಸ್ವಿಚ್ಚು ಆ ಹೆಂಗಸರ ಕೈಯಲ್ಲೇ ಇತ್ತಲ್ಲ, ಒತ್ತಲು ಏನಾಗಿತ್ತು? ಮತ್ತೆ ಬೀಡಿ ಹಚ್ಚುತ್ತಾರೆ. (ಆ ಬೀಡಿ ಹಚ್ಚುವುದನ್ನು ನಾನು ಎಷ್ಟು ಸಲ ಮಾಡಿ ತೋರಿಸಿ ನಗಿಸಿದ್ದೇನೆ. ಈಗ ಕೈ ಏಳುತ್ತಿಲ್ಲ.)

ಅದೇ ಪ್ರಶ್ನೆಯನ್ನು ನಾನೂ ನಾಗಮ್ಮತ್ತಿಗೆ ಕೇಳಿದ್ದೆ. ಅವಳು ತನ್ನ ಬಲಗೈಯನ್ನೇ ನೋಡುತ್ತ ಕೂತಿದ್ದಳು.

“ಬಟನ್ ಮ್ಯಾಲೇ ಕೈ ಇತ್ತೋ ತಮ್ಮಾ. ದುರ್ಗಿ ಎಲ್ಲದಾಳಂತ ನೋಡಬೇಕಿತ್ತು. ಲೈಟ್ ಹಾಕಿದ್ರ ಗಾಡಿ ಹಿಡೀತಾರ, ನಾಳಿಂದ ಯಾವಾಕಿಗೂ ಕೂಲಿ ಇಲ್ಲ. ಸಾಹೇಬ್ರು ಹೋಗ್ಲಿ ಅಂತ ಕಾಯಾಕತ್ತಿದ್ದೆ.”

ಹತ್ತಿ ಇನ್ನೂ ಹೊಲದಲ್ಲಿದೆ. ಹೆಂಗಸರು ಈಗ ಬೇರೆಯವರ ಪಿಕಪ್ ಹತ್ತುತ್ತಾರೆ. ನಾಗಮ್ಮತ್ತಿ ಹಟ ಹಿಡಿದು ಅದಕ್ಕೂ ಹಿಂದೆ ಲೈಟು, ಹೊರಗೆ ಸ್ವಿಚ್ಚು ಹಾಕಿಸಿದ್ದಾಳೆ. ಆದರೆ ಈಗ ಸ್ವಿಚ್ಚಿನ ಪಕ್ಕ ತಾನು ಕೂರುವುದಿಲ್ಲ. ಆ ಜಾಗದಲ್ಲಿ ದುರ್ಗಮ್ಮನ ಮಗಳು ಕೂರುತ್ತಾಳೆ, ತಾಯಿಯ ಬದಲಿಗೆ ಕೂಲಿಗೆ ಬಂದವಳು.

ಈ ಸೋಮವಾರ ಸಂಜೆ ನಾನು ಆ ಗಾಡಿಯ ಹಿಂದೆಯೇ ಬರುತ್ತಿದ್ದೆ. ಬೆಳಕಿನಲ್ಲಿ ಅವಳ ಮುಖ ಕಾಣುತ್ತಿತ್ತು. ನಾಕಾ ಹತ್ತಿರ ಬಂತು. ಎರಡು ಹಾರ್ನ್. ಅವಳು ಕೈ ಚಾಚಿ ಲೈಟ್ ಆರಿಸಿದಳು.

ಈಗ ಹೇಳಿ, ಆ ಸ್ವಿಚ್ಚು ಯಾರ ಕೈಯಲ್ಲಿದೆ?